ನೆತ್ತಿಯ ಮೇಲಿನ ಎರಡು ಸುಳಿ

ಮೊನ್ನೆ ನಮ್ಮ ಮನೆಯಲ್ಲಿ ಮೊಮ್ಮಗನ ಜವಳ ಇತ್ತು. ಮಗಳು ಅವನನ್ನು ತೊಡೆಯ ಮೇಲೆ ಅದುಮಿ ಹಿಡಿದಿದ್ದಳು, ಅವನು ಅರ್ಧ ಹೊಸಪೇಟೆಗೆ ಕೇಳುವ ಹಾಗೆ ಅರಚುತ್ತಿದ್ದ. ಹುಟ್ಟುಗೂದಲೆಲ್ಲ ಇಳಿದು ಬೋಳುತಲೆಗೆ ಗಂಧ ಸವರುವ ಹೊತ್ತಿಗೆ ಕ್ಷೌರದವರು ಕೈ ನಿಲ್ಲಿಸಿ, ‘ಎರಡು ಸುಳಿ ಅದಾವ್ರೀ ಹುಡುಗಗ’ ಎಂದುಬಿಟ್ಟರು. ಸಂಡೂರಿನಿಂದ ಬಂದಿದ್ದ ಬೀಗತಿ, ಅಂದರೆ ಮಗಳ ಅತ್ತೆ, ಬಗ್ಗಿ ನೋಡಿದರು. ಅವರ ಮುಖ ಸಣ್ಣದಾಯಿತು. ಹಸಿ ಗಂಧದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ನನ್ನ ನೆತ್ತಿಗೆ ಹೋಯಿತು. ಅಲ್ಲಿ ಈಗ ಏನೂ ಇಲ್ಲ ಬಿಡಿ, ಬಟಾಬಯಲು. ಒಂದು ಕಾಲಕ್ಕೆ ಅಲ್ಲಿಯೂ ಎರಡಿದ್ದವು.

ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂಬ ಮಾತು ನಿಮಗೂ ಗೊತ್ತಿರುತ್ತದೆ. ಎರಡನೆಯದು ಆಗಬೇಕಾದರೆ ಮೊದಲನೆಯವಳು ಉಳಿಯಬಾರದು ಎಂಬುದು ಅದರ ಒಳಗಿನ ಮಾತು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ತಿಳಿದುಕೊಳ್ಳುತ್ತಾರೆ.

ಚಿಕ್ಕಂದಿನಲ್ಲಿ ನನಗೆ ಇದರ ಗಂಧಗಾಳಿ ಇರಲಿಲ್ಲ. ಬಂಡ್ರಿಯಲ್ಲಿದ್ದ ನಮ್ಮಜ್ಜಿ ತಲೆಗೆ ಎಣ್ಣೆ ತಟ್ಟುತ್ತಾ, ‘ನಮ್ಮ ರಾಜಗ ಎರಡು ಕಿರೀಟ ಇಟ್ಟು ಕಳಿಸ್ಯಾನ ದೇವ್ರು’ ಎನ್ನುತ್ತಿದ್ದಳು. ನಾನು ನಂಬಿದ್ದೆ. ಶಾಲೆಯಿಂದ ಹಂಪಿಗೆ ಕರೆದುಕೊಂಡು ಹೋದಾಗ, ಕಲ್ಲಿನಲ್ಲಿ ಉದ್ದ ಟೋಪಿ ಹಾಕಿಕೊಂಡು ನಿಂತ ದೊರೆಗಳನ್ನು ನೋಡಿ, ಪಾಪ, ಇವರಿಗೆ ಒಂದೊಂದೇ ಎಂದು ಮರುಗಿದ್ದೆ. ಆಮೇಲೆ ನೋಡಿದರೆ ಲೋಕದಲ್ಲಿ ಕಿರೀಟಕ್ಕೇನು ಬರವಿಲ್ಲ. ಅಪ್ಪನಿಗೆ ರುಮಾಲು ಇತ್ತು. ಗಣಿಯ ಹುಡುಗರಿಗೆ ಹಳದಿ ಹೆಲ್ಮೆಟ್ಟಿದೆ. ನಾನು ಮೇಷ್ಟರ ಕೆಲಸದಿಂದ ನಿವೃತ್ತನಾದ ದಿನ ಒಂದು ಪೇಟ ತೊಡಿಸಿದರು, ಅದು ಮೂಗಿನವರೆಗೆ ಇಳಿದು, ನನ್ನನ್ನು ಹೊಗಳುತ್ತಿದ್ದವರ ಕಾಲುಗಳಷ್ಟೇ ನನಗೆ ಕಂಡವು. ಹಲ್ಲಿನ ಡಾಕ್ಟರು ದವಡೆ ಹಲ್ಲಿಗೂ ಕ್ರೌನ್ ಹಾಕಿ ಕಳಿಸಿದ್ದಾರೆ. ಅಜ್ಜಿಯ ತಲೆಯ ಮೇಲೆ ಇದ್ದದ್ದು ಹಳೆ ಸೀರೆಯ ಸಿಂಬಿ, ಅದರ ಮೇಲೆ ಅದಿರಿನ ಬುಟ್ಟಿ. ದುಡಿಯುವವರ ಸಿಂಬಿಯೇ ನಿಜವಾದ ಕಿರೀಟ ಎಂದು ನಾನು ಇಲ್ಲೊಂದು ಭಾಷಣ ಬಿಗಿಯಬಹುದು. ಅಜ್ಜಿ ಕೇಳಿಸಿಕೊಂಡಿದ್ದರೆ ‘ಬಾರಲೇ, ಒಂದು ಬುಟ್ಟಿ ಹೊತ್ತು ನೋಡು’ ಅನ್ನುತ್ತಿದ್ದಳು. ಆದ್ದರಿಂದ ಬೇಡ.

ಸುಳಿಯ ಬಿಸಿ ತಟ್ಟಿದ್ದು ಹೆಣ್ಣು ನೋಡಲು ಹೊರಟಾಗ. ಎರಡು ಕಡೆ ಊಟಕ್ಕೆ ಕೂರಿಸಿ, ನಾನು ತಲೆ ಬಗ್ಗಿಸಿ ತುತ್ತು ಎತ್ತುವಾಗ ಹಿಂದಿನಿಂದ ನೆತ್ತಿ ನೋಡಿದರು. ಎರಡೂ ಕಡೆಯಿಂದ ಮರುದಿನ ಸುದ್ದಿಯೇ ಇಲ್ಲ. ಮೂರನೆಯವರು ಮೆಟ್ರಿ ಊರಿನವರು, ನನ್ನ ಹೆಂಡತಿ ಹನುಮಕ್ಕನ ತಂದೆ. ಅವರು ನೇರ ಮನುಷ್ಯ. ‘ಹುಡುಗ ಒಳ್ಳೇವ ಅದಾನ. ಮೊದಲು ಬಾಳೆಗಿಡಕ್ಕ ಒಂದು ತಾಳಿ ಕಟ್ಟಿ, ಅದನ್ನ ಕಡದು ಬರ್ಲಿ. ಆಮ್ಯಾಲೆ ನನ್ನ ಮಗಳು’ ಎಂದರು.

ಹೀಗಾಗಿ ವಿಜ್ಞಾನ ಪಾಠ ಮಾಡುವ ನಾನು, ಕಮಲಾಪುರದಲ್ಲಿ ಸೋದರಮಾವ ಯಂಕಪ್ಪನ ತೋಟದಲ್ಲಿ, ಹಣೆಗೆ ಬಾಸಿಂಗ ಕಟ್ಟಿಕೊಂಡು ಒಂದು ಸುಗಂಧಿ ಬಾಳೆಯ ಪಕ್ಕ ನಿಂತೆ. ಅದಕ್ಕೂ ಒಂದು ಬಾಸಿಂಗ ಕಟ್ಟಿದ್ದರು. ನಮ್ಮಂಥವರಿಗೆ ಜನ್ಮದಲ್ಲಿ ಒಮ್ಮೆ ಸಿಗುವ ಕಿರೀಟ ಅದು, ನನಗೆ ಎಂಟು ದಿನದಲ್ಲಿ ಎರಡು ಸಲ ಸಿಕ್ಕಿತು. ತಾಳಿ ಕಟ್ಟಿದ್ದಾಯಿತು, ಅಕ್ಕಿಕಾಳು ಬಿದ್ದವು. ಇನ್ನು ಕಡಿಯಿರಿ ಎಂದರು ಮದುವೆ ಮಾಡಿಸಿದ ಅಯ್ಯನವರು. ಆಗ ಮಾವ ಅಡ್ಡ ನಿಂತ. ತೋಟದಲ್ಲೇ ಚೆಂದದ ಗಿಡವನ್ನು ಅಳಿಯನಿಗೆಂದು ಆರಿಸಿದ್ದ, ಅದು ಆಗತಾನೇ ಹೂ ಹಾಕಿತ್ತು.

‘ಬಸುರಿ ಗಿಡ ಕಡೀತಾರೇನಲೇ ಯಾರಾರ? ಗೊನಿ ಬಲೀಲಿ. ಆಮ್ಯಾಲೆ ಹೆಂಗೂ ಕಡಿಯೋದ ಐತಿ.’

ಬಾಳೆ ಬೆಳೆಯುವವನ ಮಾತಿಗೆ ಹನುಮಕ್ಕನ ತಂದೆಯೂ ಒಪ್ಪಿದರು, ಎಂಟು ದಿನಕ್ಕೆ ನಮ್ಮ ಮದುವೆಯೂ ಆಯಿತು. ಗೊನೆ ಬಲಿತ ಮೇಲೆ ಮಾವ ಗಿಡ ಕಡಿದ. ಅಷ್ಟರಲ್ಲಿ ಹನುಮಕ್ಕ ನಮ್ಮ ಮನೆ ತುಂಬಿ ಮೂರು ತಿಂಗಳಾಗಿತ್ತು.

ನಾನು ಇದನ್ನೆಲ್ಲ ಮರೆತೇಬಿಡುತ್ತಿದ್ದೆ. ಮರೆಯಲು ಬಿಡದೆ ಇದ್ದದ್ದು ನನ್ನದೇ ಪಾಠ. ಪ್ರತಿ ವರ್ಷ ಒಂದು ದಿನ ಬೋರ್ಡಿನ ಮೇಲೆ ಬಾಳೆಗಿಡ ಬರೆದು, ‘ಮಕ್ಕಳೇ, ಬಾಳೆ ಬೀಜದಿಂದ ಬೆಳೆಯುವುದಿಲ್ಲ. ಬುಡದಲ್ಲಿ ಕಂದು ಹುಟ್ಟುತ್ತದೆ. ಈ ಕಂದು ಬೇರೆ ಗಿಡವಲ್ಲ, ತಾಯಿಗಿಡವೇ ಮುಂದುವರಿಯುತ್ತದೆ’ ಎಂದು ವಿವರಿಸುತ್ತಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನೊಳಗಿನ ಲೆಕ್ಕ ಶುರುವಾಗುತ್ತಿತ್ತು. ಹಾಗಾದರೆ ಕಮಲಾಪುರದ ಅವಳು ಸತ್ತೇ ಇಲ್ಲ. ಅವಳು ಸಾಯದಿದ್ದರೆ ದೋಷ ಕಳೆದೇ ಇಲ್ಲ, ಸಾಯಬೇಕಾದ ಮೊದಲನೆಯವಳ ಲೆಕ್ಕಕ್ಕೆ ಹನುಮಕ್ಕನೇ ಬರುತ್ತಾಳೆ. ಓದಿದವನ ಮೂಢನಂಬಿಕೆಗೆ ಮದ್ದಿಲ್ಲ ನೋಡಿ, ಅವನು ಅದಕ್ಕೆ ಪುರಾವೆಯನ್ನೂ ಒದಗಿಸಿಕೊಳ್ಳುತ್ತಾನೆ. ಅವಳಿಗೆ ಒಂದು ನೆಗಡಿಯಾದರೂ ನನಗೆ ಊಟ ಸೇರುತ್ತಿರಲಿಲ್ಲ. ಅವಳಿಗೆ ಹೇಳುವ ಧೈರ್ಯವೂ ಇರಲಿಲ್ಲ.

ಮಗಳು ಕಾಲೇಜು ಓದುತ್ತಿದ್ದಾಗ ಹನುಮಕ್ಕನಿಗೆ ಹೊಟ್ಟೆನೋವು ಬಂತು. ಅಜೀರ್ಣ ಎಂದು ಎರಡು ದಿನ ಓಂಕಾಳು ತಿಂದಳು. ಮೂರನೆಯ ದಿನ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಅಪೆಂಡಿಕ್ಸ್ ಒಡೆದಿದೆ, ಹೊಟ್ಟೆಯೊಳಗೆಲ್ಲ ಕೀವು, ಮಧ್ಯಾಹ್ನವೇ ಆಪರೇಷನ್, ಏನನ್ನೂ ಈಗಲೇ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ನಾನು ಕಾಗದಕ್ಕೆ ಸಹಿ ಹಾಕಿದೆ. ಮಗಳನ್ನು ಅವಳ ಪಕ್ಕ ಕೂರಿಸಿ, ಔಷಧಿ ತರುತ್ತೇನೆ ಎಂದು ಸುಳ್ಳು ಹೇಳಿ, ಕಮಲಾಪುರದ ಬಸ್ಸು ಹತ್ತಿದೆ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ಆ ಹೊತ್ತಿನಲ್ಲಿ ಹೆಂಡತಿಯ ಕೈ ಹಿಡಿದು ಕೂರುವುದು ಬಿಟ್ಟು, ನಾನು ಬಾಳೆ ಕಡಿಯಲು ಹೋದೆ.

ಯಂಕಪ್ಪ ಮಾವ ಕಾಲುವೆ ದಂಡೆಯ ಮೇಲೆ ಕೂತಿದ್ದ. ತೋಟವಿದ್ದ ಕಡೆ ಆಳೆತ್ತರ ಕಬ್ಬು ನಿಂತಿತ್ತು.

‘ಮಾವ, ಆ ಗಿಡ ಎಲ್ಲಿ? ಕುಡಗೋಲು ಕೊಡು, ಬುಡಸಮೇತ ಕಡಿಬೇಕು.’

ಅವನು ನನ್ನ ಮುಖ ನೋಡಿದ, ಎಲ್ಲ ಕೇಳಿ ತಿಳಿದುಕೊಂಡ. ನಗಲಿಲ್ಲ.

‘ಅದು ಇಲ್ಲೆಲ್ಲೈತೋ ಅಳಿಯಾ? ಮದಿವ್ಯಾದ ವರ್ಷನ ನಿನ್ನ ಹೇಂತಿ ಬಂದು ಕಂದು ಕಿತ್ತಿಸಿಕೊಂಡು ಹೋದ್ಲು. ಚೀಲದಾಗ ಇಟ್ಕೊಂಡು ಬಸ್ಸಿನಾಗ ಹೋದ್ಲು. ಅಕ್ಕ ಇಲ್ಲಿ ಒಬ್ಬಾಕಿನ ಆಗ್ತಾಳ, ಮನಿಗೆ ಕರಕೊಂಡು ಹೋಗ್ತೀನಿ ಅಂದ್ಲು. ನಿನಗ ಗೊತ್ತಿಲ್ಲೇನು?’

ಗೊತ್ತಿರಲಿಲ್ಲ. ನಮ್ಮ ಹಿತ್ತಲಿನ ಬಾಳೆ ಎಲೆಯಲ್ಲಿ ಹಬ್ಬಹಬ್ಬಕ್ಕೂ ಉಂಡಿದ್ದೆ. ಪಾತ್ರೆ ತೊಳೆಯುತ್ತಾ ಹನುಮಕ್ಕ ಯಾರೊಂದಿಗೋ ಮಾತಾಡುವುದು ಕೇಳುತ್ತಿತ್ತು, ಪಕ್ಕದ ಮನೆಯವರೊಂದಿಗೆ ಎಂದುಕೊಂಡಿದ್ದೆ. ಎಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಗಂಡಸರು ಹಿತ್ತಲು ನೋಡುವುದು ಕಡಿಮೆ.

ಮಾವನ ಕುಡಗೋಲನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿಳಿದು ನೇರ ಹಿತ್ತಲಿಗೆ ಹೋದೆ. ಐದಾರು ಗಿಡಗಳ ಹಿಂಡು. ನಡುವಿನ ದೊಡ್ಡದಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟಿದ್ದಳು. ಕುಂಕುಮ ಇನ್ನೂ ಮಾಸಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದ ಹಿಂದಿನ ದಿನವೂ ಅವಳು ಇಲ್ಲಿಗೆ ಬಂದಿದ್ದಳು. ನಾನು ಕುಡಗೋಲು ಎತ್ತಿದೆ. ಕಡಿದರೆ ಅವಳು ಉಳಿಯುತ್ತಾಳೆ ಎನ್ನುತ್ತಿತ್ತು ನನ್ನ ಹೆದರಿಕೆ. ಇಷ್ಟು ವರ್ಷ ಅವಳು ನೀರೆರೆದು ಸಾಕಿದ್ದನ್ನು, ಅವಳು ಮೈಮೇಲೆ ಎಚ್ಚರವಿಲ್ಲದೆ ಮಲಗಿರುವಾಗ ಕಡಿದು, ಆಮೇಲೆ ಯಾವ ಮುಖ ಇಟ್ಟುಕೊಂಡು ಅವಳ ಮುಂದೆ ನಿಲ್ಲಲಿ? ಕೈ ಇಳಿಯಿತು. ಕುಡಗೋಲನ್ನು ಬಚ್ಚಲ ಗೋಡೆಗೆ ಒರಗಿಸಿ ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ನನ್ನ ಹೆಂಡತಿಯನ್ನು ನಾನೇ ಕೈಯಾರೆ ಕಳೆದುಕೊಂಡೆ ಎಂದು ಅತ್ತೆ. ಆಟೋದವನು ತಿರುಗಿ ತಿರುಗಿ ನೋಡಿದ.

ಸಂಜೆ ಐದರ ಸುಮಾರಿಗೆ ಡಾಕ್ಟರು ಹೊರಗೆ ಬಂದು, ‘ಪಾರಾದರು’ ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮನಸ್ಸು ಅಷ್ಟು ಹಗುರವಾದದ್ದು ಆ ಮೊದಲೂ ಇಲ್ಲ, ಆಮೇಲೂ ಇಲ್ಲ.

ನಾಲ್ಕನೆಯ ದಿನ, ಅವಳು ಗಂಜಿ ಕುಡಿಯುವಷ್ಟಾದಾಗ, ಎಲ್ಲ ಹೇಳಿದೆ. ಕುಡಗೋಲಿನ ವಿಷಯವನ್ನೂ ಬಿಡಲಿಲ್ಲ. ನಗು ಬಂದು, ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡಳು.

‘ಎರಡು ಸುಳಿ ಇದ್ರ ಎರಡು ಮದಿವಿ ಅಂತ ಹೇಳ್ಯಾರ. ಎರಡೂ ಆಗ್ಯಾವ. ಒಬ್ಬಾಕಿ ಸಾಯಬೇಕು ಅಂತ ಯಾರು ಹೇಳ್ಯಾರ್ರೀ ಮೇಷ್ಟ್ರ? ಅದು ನೀವ ಕೂಡಿಸಿಕೊಂಡಿದ್ದು.’

ಗಂಜಿಯ ಲೋಟ ಪಕ್ಕಕ್ಕಿಟ್ಟು ಮೆಲ್ಲಗೆ ಹೇಳಿದಳು, ‘ನನಗೂ ಹೆದರಿಕಿ ಇತ್ತು. ಅದಕ್ಕ ಆಕಿನ್ನ ಕರಕೊಂಡು ಬಂದೆ. ನಾನು ಆಕಿನ್ನ ಬದುಕಿಸಿದ್ರ, ಆಕಿ ನನ್ನ ಬದುಕಿಸ್ತಾಳ ಅಂತ.’

ಒಂದೇ ಮಾತಿಗೆ ಹೆದರಿ ನಾನು ಕುಡಗೋಲು ಹಿಡಿದಿದ್ದೆ, ಅವಳು ನೀರಿನ ಕೊಡ ಹಿಡಿದಿದ್ದಳು. ಅಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ ನೋಡಿ.

ಮೊನ್ನೆ ಜವಳದ ಊಟಕ್ಕೆ ಎಲೆ ಹಾಕಿದರೂ ಬೀಗತಿ ಸರಿಯಾಗಿ ಉಣ್ಣಲಿಲ್ಲ. ಯಾಕೆಂದು ನನ್ನಷ್ಟು ಬಲ್ಲವರು ಅಲ್ಲಿ ಯಾರಿದ್ದರು? ಕೈ ತೊಳೆದ ಮೇಲೆ ಅವರ ಹತ್ತಿರ ಹೋಗಿ ನನ್ನ ಬೋಳು ನೆತ್ತಿಯನ್ನು ಬಗ್ಗಿಸಿ ತೋರಿಸಿದೆ.

‘ಇಲ್ಲೂ ಎರಡಿದ್ವು, ಬೀಗತೇರ. ಎರಡೂ ಮದಿವಿ ಆಗ್ಯಾವ. ಇಬ್ರೂ ಗಟ್ಟಿಮುಟ್ಟಾಗಿ ಅದಾರ.’

ಅವರು ಗಾಬರಿಯಿಂದ ಹನುಮಕ್ಕನ ಕಡೆ ನೋಡಿದರು. ಅವಳು ಅವರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ‘ಈಕಿನ ನೋಡ್ರಿ ನಮ್ಮಕ್ಕ. ಈಗ ಉಂಡ ಎಲಿ ಈಕಿದ’ ಎಂದಳು. ಕತೆಯೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಬೀಗತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ನಗುತ್ತಲೂ ಇದ್ದರು. ಕೊನೆಗೆ ಸಂಕೋಚದಿಂದ, ‘ನಮ್ಮ ಹುಡುಗಗೂ ಒಂದು ಕಂದು ಕೊಡ್ರಲಾ’ ಎಂದರು.

ಅದೇ ಹಳೆಯ ಕುಡಗೋಲಿನಿಂದ ಬುಡ ಬಿಡಿಸಿ, ಕಂದನ್ನು ಮಣ್ಣುಸಮೇತ ಚೀಲದಲ್ಲಿ ಇಟ್ಟುಕೊಟ್ಟೆ. ಸಂಡೂರು ಬಸ್ಸಿನಲ್ಲಿ ಬೀಗತಿ ಅದನ್ನು ಕಾಲ ಹತ್ತಿರ ಇಡಲು ಹೋದಾಗ, ಕೆಳಗೆ ನಿಂತಿದ್ದ ಹನುಮಕ್ಕ ಕಿಟಕಿಯ ಹತ್ತಿರ ಬಂದು ಗದರಿದಳು:

‘ನಿಮ್ಮ ಮನಿ ಸೊಸಿ ಅದಾಳ್ರೀ ಆಕಿ. ಗಾಳಿ ಬರೋ ಕಡೆ ಕುಂದ್ರಸ್ರಿ.’