ಕಿಟಕಿಯ ಆಚೆಯಿಂದ ಬಂದ ‘ಆಯ್ತು’

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಿಫ್ಟಿನಿಂದ ಇಳಿದು ಎಡಕ್ಕೆ ಹದಿನಾಲ್ಕು ಹೆಜ್ಜೆ ನಡೆದರೆ ಒಂದರ ಹಿಂದೆ ಒಂದು ಮೂರು ಕೋಣೆಗಳಿವೆ. ಮೊದಲನೆಯದರಲ್ಲಿ ಆಪರೇಷನ್ ಥಿಯೇಟರಿನಿಂದ ಬಂದ ಕತ್ತರಿ, ಚಿಮುಟ, ಕೊಕ್ಕೆಗಳನ್ನು ತೊಳೆಯುತ್ತಾರೆ. ಎರಡನೆಯದರಲ್ಲಿ ಅವನ್ನು ಎಣಿಸಿ ಪೆಟ್ಟಿಗೆಯಲ್ಲಿ ಜೋಡಿಸಿ, ಎರಡು ಪದರ ಹಸಿರು ಬಟ್ಟೆ ಸುತ್ತಿ ಕಟ್ಟುತ್ತಾರೆ. ಮೂರನೆಯದರಲ್ಲಿ ಆ ಗಂಟುಗಳನ್ನು ಉಗಿಯಂತ್ರದೊಳಗಿಟ್ಟು ನೂರಿಪ್ಪತ್ತೊಂದು ಡಿಗ್ರಿಯಲ್ಲಿ ಮೂವತ್ತು ನಿಮಿಷ ಕಾಯಿಸುತ್ತಾರೆ. ಆಸ್ಪತ್ರೆಯ ಕಾಗದಗಳಲ್ಲಿ ಇದಕ್ಕೆಲ್ಲ ಬೇರೆ ಹೆಸರುಗಳಿವೆ. ಅಲ್ಲಿ ದುಡಿಯುವವರಿಗೆ ಆ ಯಂತ್ರ ಕುಕ್ಕರ್, ಆ ಕೆಲಸ ಬೇಯಿಸುವುದು, ಹತ್ತೊಂಬತ್ತು ವರ್ಷ ಅದನ್ನು ನಡೆಸಿದ ಹೆಂಗಸು ಕುಕ್ಕರಕ್ಕ.

ನಾನು ಮೇಲಿನ ಮಹಡಿಯ ಲ್ಯಾಬಿನವನು. ವಾರಕ್ಕೊಮ್ಮೆ ಜೀವಂತ ಸೂಕ್ಷ್ಮಾಣುಗಳಿರುವ ಒಂದು ಪುಟ್ಟ ಸೀಸೆಯನ್ನು ಅಕ್ಕನ ಕೈಗೆ ಕೊಟ್ಟು, ಬೆಂದ ಮೇಲೆ ವಾಪಸು ತಂದು, ಒಂದಾದರೂ ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಎಂಟು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಸೀಸೆಗಳು. ಒಂದರಲ್ಲೂ ಏನೂ ಬೆಳೆಯಲಿಲ್ಲ.

“ಏನ್ ಲ್ಯಾಬಪ್ಪಾ, ಯಾರಾದ್ರೂ ಬದುಕಿದಾರಾ?” ಎಂದು ಕೇಳುತ್ತಿದ್ದರು, ನಾನು ಮೆಟ್ಟಿಲಿಳಿಯುವ ಮೊದಲೇ.

“ಇಲ್ಲಕ್ಕ, ಎಲ್ಲಾ ಹೋದ್ರು.”

“ಪಾಪ. ನನ್ನ ಕೈಗೆ ಸಿಕ್ಕವರ ಹಣೆಬರಹ ಅಷ್ಟೇ.”

ಐವತ್ತೆಂಟು ವಯಸ್ಸು, ಸಣಕಲು ಮೈ, ಎಡ ಮುಂಗೈ ಮೇಲೆ ಉಗಿ ತಾಗಿದ ಮೂರು ಕಲೆಗಳು. ಯಂತ್ರದ ಬಾಗಿಲ ರಬ್ಬರು ಸವೆದಿದೆಯೋ ಇಲ್ಲವೋ ಎಂದು ಹೇಳಲು ಅವರಿಗೆ ಅಳತೆಯ ಮುಳ್ಳು ಬೇಕಿರಲಿಲ್ಲ. ಕಿವಿ ಕೊಟ್ಟರೆ ಸಾಕಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವರಿಗಿದ್ದ ಆಸೆ ಒಂದೇ: ಕೊನೆಯ ದಿನದವರೆಗೂ ಆ ಯಂತ್ರದ ಮುಂದೆ ಇರಬೇಕು, ಅದರ ಬಾಗಿಲು ಹಾಕಿಯೇ ಮನೆಗೆ ಹೋಗಬೇಕು. “ಬೇರೆ ಕಡೆ ಹಾಕಿದ್ರೆ ನಾನು ಯಾರು? ಬರೀ ಒಬ್ಬಳು ಮುದುಕಿ” ಎಂದು ನನ್ನ ಬಳಿ ಒಮ್ಮೆ ಅಂದಿದ್ದರು.

ಇಷ್ಟು ಅಚ್ಚುಕಟ್ಟಾದ ಅಕ್ಕನಲ್ಲಿ ಒಂದು ದೋಷವಿತ್ತು. ತಮ್ಮನ್ನು ಯಾರಾದರೂ ಎರಡನೇ ಸಲ ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ.

ತೊಳೆಯುವ ಕೋಣೆಯಲ್ಲಿದ್ದವನು ಗುತ್ತಿಗೆಯ ನೌಕರ. ಮುಚ್ಚದ ಬಾಯಿಯಿಂದಾಗಿ ಅವನಿಗೆ ರೇಡಿಯೊ ಎಂದು ಹೆಸರು. ಫೋನು ಇದ್ದದ್ದೂ ಅವನ ಕೋಣೆಯಲ್ಲೇ. ನಡುವಿನ ಕೋಣೆಯಲ್ಲಿ ಕಟ್ಟುವವಳು ಗಂಟಿನಮ್ಮ. ನಲವತ್ತರ ಆಸುಪಾಸು, ಕೆಲಸ ಚೊಕ್ಕ, ಮನಸ್ಸಿಗೆ ಬಂದದ್ದು ಮುಖದಲ್ಲೇ ಕಾಣುವ ಹೆಂಗಸು. ಕಟ್ಟುವ ಕೋಣೆಗೂ ಯಂತ್ರದ ಕೋಣೆಗೂ ನಡುವೆ ಒಂದೇ ಕಿಟಕಿ. ಅದರ ಕಟ್ಟೆಯ ಬಲ ಅರ್ಧದಲ್ಲಿ ಹಸಿ ಗಂಟು, ಎಡ ಅರ್ಧದಲ್ಲಿ ಬೆಂದ ಗಂಟು ಇಡಬೇಕೆಂಬುದು ಬಾಯಿಮಾತಿನ ನಿಯಮ. ಹೊಟ್ಟೆಯ ಆಪರೇಷನ್ನಿನ ದೊಡ್ಡ ಪೆಟ್ಟಿಗೆ ಮಾತ್ರ ಅರ್ಧ ಕಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಅದು ಯಾವಾಗಲೂ ಸರಿಯಾಗಿ ನಡುವೆ ಕೂರುತ್ತಿತ್ತು.

ಆ ವರ್ಷದ ಆರಂಭದಲ್ಲಿ ಒಂದು ಪೆಟ್ಟಿಗೆಯಲ್ಲಿ ಕತ್ತರಿ ಕಡಿಮೆ ಬಿತ್ತೆಂದು ಥಿಯೇಟರಿನ ಸಿಸ್ಟರ್ ಕೆಳಗೆ ಇಳಿದು ಬಂದರು. ಅವರ ಎದುರಿಗೇ ಕುಕ್ಕರಕ್ಕ ಗಂಟಿನಮ್ಮನಿಗೆ, “ಹನ್ನೆರಡರವರೆಗೆ ಎಣಿಸೋಕೆ ಬರಲ್ಲ ಅಂದ್ರೆ ಹೋಗಿ ಒಂದನೇ ಕ್ಲಾಸಲ್ಲಿ ಕೂತ್ಕೊ” ಅಂದುಬಿಟ್ಟರು. ಎರಡು ದಿನದ ಮೇಲೆ ಆ ಕತ್ತರಿ ಥಿಯೇಟರಿನ ಕೊಳೆಬಟ್ಟೆಯ ರಾಶಿಯಲ್ಲೇ ಸಿಕ್ಕಿತು. ಅಕ್ಕ ಆ ವಿಷಯ ಎತ್ತಲಿಲ್ಲ. ಗಂಟಿನಮ್ಮ ಕೂಡ ಎತ್ತಲಿಲ್ಲ. ಅಂದಿನಿಂದ ಕಿಟಕಿಯಲ್ಲಿ ಗಂಟು ಮಾತ್ರ ಓಡಾಡಿತು, ಮಾತು ನಿಂತಿತು. ತುರ್ತಿದ್ದರೆ ರೇಡಿಯೊ ಮಧ್ಯಸ್ಥ.

“ಇಬ್ಬರು ಮಹಾರಾಣಿಯರ ನಡುವೆ ನಾನೊಬ್ಬ ಅಂಚೆಯವನು, ಸರ್,” ಎಂದು ಅವನು ನನ್ನೆದುರು ನಗುತ್ತಿದ್ದ. “ಅಂಚೆಚೀಟಿಯನ್ನೂ ನಾನೇ ನೆಕ್ಕಬೇಕು.”

ಹೀಗೆ ನಾಲ್ಕು ತಿಂಗಳು. ಕೆಲಸ ನಡೆಯುತ್ತಲೇ ಇತ್ತು. ಅದೇ ಮೋಸ. ಕೆಲಸ ನಿಂತಿದ್ದರೆ ಯಾರಾದರೂ ಗಮನಿಸುತ್ತಿದ್ದರು.

ಆ ಮಂಗಳವಾರ ಏನಾಯಿತೆಂಬುದನ್ನು ನಾನು ಗಂಟೆ ನಿಮಿಷಗಳ ಸಮೇತ ಬರೆಯಬಲ್ಲೆ. ಯಾಕೆಂದರೆ ಆಮೇಲೆ ವಿಚಾರಣೆ ನಡೆಸಿದ ಮೂವರಲ್ಲಿ ನಾನೂ ಒಬ್ಬನಾಗಿದ್ದೆ. ಉಗಿ ತಾಗಿದರೆ ಕಪ್ಪು ಗೆರೆ ಮೂಡುವ ಟೇಪು ಮೂರು ವಾರದಿಂದ ಉಗ್ರಾಣದಲ್ಲಿ ಇರಲಿಲ್ಲ. ಬದಲಿಗೆ ಸಾದಾ ಟೇಪು ಕೊಟ್ಟಿದ್ದರು. ಹಾಗಾಗಿ ಹಸಿ ಗಂಟಿಗೂ ಬೆಂದ ಗಂಟಿಗೂ ಹೊರಗಿನಿಂದ ವ್ಯತ್ಯಾಸ ಕಾಣುತ್ತಿರಲಿಲ್ಲ. ಹನ್ನೊಂದು ಇಪ್ಪತ್ತಕ್ಕೆ ಥಿಯೇಟರಿನಿಂದ ಫೋನು ಬಂತು. ರೇಡಿಯೊ ಎತ್ತಿದ. ಅಲ್ಲಿಂದಲೇ ಎರಡು ಕೋಣೆ ದಾಟುವಂತೆ ಕೂಗಿದ: “ಅಕ್ಕಾ, ದೊಡ್ಡ ಪೆಟ್ಟಿಗೆ ಕೇಳ್ತಿದಾರೆ!”

ಅಕ್ಕ ಯಂತ್ರದ ಮುಳ್ಳಿನಿಂದ ಕಣ್ಣು ತೆಗೆಯದೆ ಅಂದರು: “ಆಯ್ತು.”

ಅವರ ಲೆಕ್ಕದಲ್ಲಿ ಅದರ ಅರ್ಥ, ‘ಸರಿ, ಕೇಳಿಸಿತು, ಈ ಸುತ್ತು ಇಳಿದ ಮೇಲೆ ಅದನ್ನೇ ಹಾಕುತ್ತೇನೆ’. ರೇಡಿಯೊಗೆ ಕೇಳಿಸಿದ್ದು ‘ಬೇಯಿಸಿ ಮುಗಿಯಿತು’. ಅವನು ಫೋನಿಗೆ “ಆಯ್ತಂತೆ ಸಿಸ್ಟರ್” ಅಂದ. ನಡುವಿನ ಕೋಣೆಯಲ್ಲಿದ್ದ ಗಂಟಿನಮ್ಮನಿಗೆ ಎರಡೂ ‘ಆಯ್ತು’ ಕೇಳಿಸಿದವು. ಕಟ್ಟೆಯ ನಡುವೆ ದೊಡ್ಡ ಪೆಟ್ಟಿಗೆ ಕೂತಿತ್ತು. ಎತ್ತಿ ಲಿಫ್ಟಿನಲ್ಲಿಟ್ಟಳು.

ಹನ್ನೆರಡು ದಾಟಿ ಐದು ನಿಮಿಷಕ್ಕೆ ಮೇಲೆ ಅದನ್ನು ಬಿಚ್ಚಿದಾಗ, ಒಳಗೆ ಕಪ್ಪಾಗಿರಬೇಕಿದ್ದ ಕಾಗದದ ಪಟ್ಟಿ ಬೆಳ್ಳಗೇ ಇತ್ತು. ಸಿಸ್ಟರ್ ನೋಡಿದ್ದರಿಂದ ಅದರೊಳಗಿನ ಒಂದು ಸಾಮಾನೂ ರೋಗಿಯ ಮೈಗೆ ತಾಗಲಿಲ್ಲ. ಆದರೆ ಬೇರೊಂದು ಸಣ್ಣ ಪೆಟ್ಟಿಗೆಯ ಸಾಮಾನಿನಿಂದ ಹೊಟ್ಟೆ ಆಗಲೇ ತೆರೆದಾಗಿತ್ತು. ಇನ್ನೊಂದು ಪೆಟ್ಟಿಗೆ ಬೆಂದು ಬರುವವರೆಗೆ ಐವತ್ತೆಂಟು ನಿಮಿಷ ಆ ಮನುಷ್ಯ ಹಾಗೇ ಮಲಗಿರಬೇಕಾಯಿತು. ಮೂರನೇ ದಿನ ಜ್ವರ ಏರಿತು. ಕಾಯುವಿಕೆಯಿಂದಲೇ ಏರಿತೆಂದು ಯಾರೂ ಖಚಿತವಾಗಿ ಹೇಳಲಾರರು. ನಾನೂ ಹೇಳಲಾರೆ. ರೋಗಿಯ ಹೆಂಡತಿ ಒಂಬತ್ತು ದಿನ ಕಾರಿಡಾರಿನ ಬೆಂಚಿನಲ್ಲಿ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕೊನೆಗೆ ಆತ ಮನೆಗೆ ಹೋದರು, ಗೋಡೆ ಹಿಡಿದುಕೊಂಡು ನಡೆಯುತ್ತಾ.

ವಿಚಾರಣೆಗೆ ನೆಲಮಾಳಿಗೆಯ ಮೂವರೂ ಹೇಳಿಕೆ ಬರೆದುಕೊಟ್ಟರು. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಒಂದರಲ್ಲೂ ಸುಳ್ಳಿರಲಿಲ್ಲ. ಅಕ್ಕ ‘ಆಯ್ತು’ ಅಂದಿದ್ದರು, ರೇಡಿಯೊ ‘ಆಯ್ತು’ ಕೇಳಿದ್ದ, ಗಂಟಿನಮ್ಮ ‘ಆಯ್ತು’ ನಂಬಿದ್ದಳು.

“ನನಗೆ ಮೂರು ಸತ್ಯ ಬೇಡ, ಒಂದು ಹೆಸರು ಬೇಕು,” ಎಂದರು ಸೂಪರಿಂಟೆಂಡೆಂಟ್. ಅಕ್ಕನ ಕಡೆ ತಿರುಗಿ ದನಿ ಇಳಿಸಿದರು. “ನೋಡಿಮ್ಮಾ, ನಿಮ್ಮ ಕೆಲಸದ ಮೇಲೆ ಇಷ್ಟು ವರ್ಷ ಒಂದು ಚುಕ್ಕೆ ಇಲ್ಲ. ಆ ಹುಡುಗ ತಪ್ಪು ಕೇಳಿಸ್ಕೊಂಡ ಅಂತ ಒಂದು ಸಾಲು ಸೇರಿಸಿ. ಅವನ ಗುತ್ತಿಗೆ ಹೇಗೂ ಮುಂದಿನ ತಿಂಗಳು ಮುಗಿಯುತ್ತೆ. ನಿಮ್ಮ ಯಂತ್ರ ನಿಮಗಿರುತ್ತೆ.”

‘ಹುಡುಗ’ನಿಗೆ ಮೂವತ್ತೇಳು ವರ್ಷ, ಇಬ್ಬರು ಮಕ್ಕಳು.

ಅಕ್ಕ ಒಂದು ದಿನದ ಸಮಯ ಕೇಳಿ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು. ಗಂಡ ನಿವೃತ್ತ ಬಸ್ ಚಾಲಕ, ಸಂಜೆಯ ಹೊತ್ತು ಪೇಪರ್ ಹಿಡಿದು ಕೂರುವವರು. ಬೆಳಿಗ್ಗೆ ಮನೆ ಬಿಡುವಾಗ ಅಕ್ಕ ತಮ್ಮ ಬಿಪಿ ಮಾತ್ರೆ ಮುಗಿದಿದೆ, ತನ್ನಿ ಎಂದಿದ್ದರು.

“ಮಾತ್ರೆ ಎಲ್ರೀ?”

“ಯಾವ ಮಾತ್ರೆ?”

“ಬೆಳಿಗ್ಗೆ ಹೇಳಿದ್ನಲ್ಲ. ಆಯ್ತು ಅಂದ್ರಲ್ಲ!”

“ಆಯ್ತು ಅಂದೆ ಕಣೇ. ತಂದೆ ಅಂದ್ನಾ?” ಪೇಪರ್ ಕೆಳಗಿಳಿಯಿತು. “ಇನ್ನೊಂದ್ಸಲ ನೆನಪು ಮಾಡ್ಬೇಕಿತ್ತು ನೀನು.”

“ನೀವಾದ್ರೂ ಕೇಳ್ಬಹುದಿತ್ತಲ್ಲ, ಯಾವ ಅಂಗಡಿ, ಎಷ್ಟು ಅಂತ?”

“ನಿನ್ನನ್ನಾ? ಮೂವತ್ತು ವರ್ಷದ ಹಿಂದೆ ಕೇಳೋದು ಬಿಟ್ಟೆ. ಕೇಳಿದ್ರೆ ‘ಅಷ್ಟೂ ಗೊತ್ತಾಗಲ್ವಾ’ ಅಂತೀಯ. ಅದಕ್ಕೆ ಆಯ್ತು ಅಂದುಬಿಡೋದು. ಜಗಳ ಇಲ್ಲ.”

ತಮಾಷೆಗೇ ಅಂದದ್ದು. ಅಕ್ಕ ನಗಲಿಲ್ಲ. ಆಸ್ಪತ್ರೆಯ ವಿಷಯ ಹೇಳಿದರು. ಗಂಡ ಹೇಳಿದ್ದು ಒಂದೇ ಮಾತು: “ಇನ್ನೆರಡು ವರ್ಷ ಬಾಯಿ ಮುಚ್ಕೊಂಡಿರು, ಸಾಕು. ಒಂದು ಸಾಲು ತಾನೇ?”

ಮರುದಿನ ವಿಚಾರಣೆಯ ಕೋಣೆಯಲ್ಲಿ ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತು ಒಂದು ಸಾಲಲ್ಲ, ಮೂರು ಸಾಲು ಬರೆದರು. ಬರೆದದ್ದನ್ನು ಓದಿಯೂ ಹೇಳಿದರು.

“ಅವನು ಕೇಳಿಸ್ಕೊಂಡಿದ್ದು ಸರಿಯಾಗೇ ಇದೆ ಸರ್. ನಾನು ಅಂದಿದ್ದು ಅದೇ ಮಾತು. ಇನ್ನೊಂದಿದೆ, ಯಾರಿಗೂ ಗೊತ್ತಿಲ್ಲ. ಹನ್ನೊಂದೂ ಮುಕ್ಕಾಲಿಗೆ ಸುತ್ತು ಇಳಿಸಿ ತಿರುಗಿದೆ. ಕಿಟಕಿ ಖಾಲಿ ಇತ್ತು. ನಾನು ಬೇಯಿಸದೇ ಇರೋ ಪೆಟ್ಟಿಗೆ ಅಲ್ಲಿರಲಿಲ್ಲ. ನೋಡಿದೆ.”

“ನೋಡಿ?”

“ಗಂಟು ಸಡಿಲ ಅಂತ ಅವಳೇ ವಾಪಸ್ ತಗೊಂಡಿರ್ತಾಳೆ ಅಂದ್ಕೊಂಡೆ. ಕೇಳಲಿಲ್ಲ. ಮೂರು ಹೆಜ್ಜೆ ದೂರದಲ್ಲಿ ನಿಂತಿದ್ಲು. ನಾನಾಗಿ ಮೊದಲು ಮಾತಾಡಿಸಬಾರದು ಅಂತ ಕೇಳಲಿಲ್ಲ.”

ಆಗಿನ್ನೂ ಪೆಟ್ಟಿಗೆ ಬಿಚ್ಚಲು ಇಪ್ಪತ್ತು ನಿಮಿಷ ಉಳಿದಿತ್ತು. ಲೆಕ್ಕ ಹಾಕಿದ್ದು ನಾನೊಬ್ಬನೇ ಅಲ್ಲ. ಕೋಣೆಯಲ್ಲಿದ್ದ ಎಲ್ಲರೂ ಹಾಕಿದರು.

ಸೂಪರಿಂಟೆಂಡೆಂಟ್ ಪೆನ್ನಿನ ಮುಚ್ಚಳ ಹಾಕಿದರು. “ನೀವೇ ಹೀಗೆ ಬರೆದುಕೊಟ್ರೆ ನಾನೇನು ಮಾಡ್ಲಿ?”

ಬಾಗಿಲಲ್ಲಿ ಕಾದಿದ್ದ ಗಂಟಿನಮ್ಮನನ್ನೂ ಒಳಗೆ ಕರೆದು ನಾನು ಒಂದೇ ಪ್ರಶ್ನೆ ಕೇಳಿದೆ: ಪೆಟ್ಟಿಗೆ ಎತ್ತುವ ಮೊದಲು ‘ಬೆಂದಿದೆಯಾ’ ಎಂದು ಯಾಕೆ ಕೇಳಲಿಲ್ಲ?

“ಅನುಮಾನ ಬಂತು ಸರ್. ಬಟ್ಟೆ ಬಿಸಿ ಇರಲಿಲ್ಲ.” ಅವಳು ಅಕ್ಕನ ಕಡೆ ನೋಡಲಿಲ್ಲ. “ಕೇಳಿದ್ರೆ ‘ನಂಗೇ ಕೆಲಸ ಕಲಿಸ್ತೀಯಾ’ ಅಂತಾರೆ. ಇನ್ನೊಂದ್ಸಲ ಎಲ್ರ ಎದುರಿಗೆ ಅನ್ನಿಸ್ಕೊಳ್ಳೋದು ಬೇಡ ಅನ್ನಿಸ್ತು. ಆರಿರಬಹುದು ಅಂದ್ಕೊಂಡೆ.”

ಅಕ್ಕ ತಮ್ಮ ಮುಂಗೈಯ ಕಲೆಗಳನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ತಲೆಯೆತ್ತದೆ ಅಂದರು: “ಅಂತಿದ್ದೆ. ಖಂಡಿತ ಅಂತಿದ್ದೆ.”

ಆ ವಾರವೇ ಅವರನ್ನು ಮೂರನೇ ಮಹಡಿಯ ಬಟ್ಟೆ ಉಗ್ರಾಣಕ್ಕೆ ಹಾಕಿದರು. ರೇಡಿಯೊನ ಗುತ್ತಿಗೆ ಮುಂದುವರಿಯಿತು. ಆಡಳಿತದವರು ತಮ್ಮ ಕರ್ತವ್ಯವೆಂದು ಒಂದು ಮಧ್ಯಾಹ್ನದ ತರಬೇತಿ ಇಟ್ಟರು. ಹೊರಗಿನಿಂದ ಬಂದ ಒಬ್ಬರು ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿ ಉಣ್ಣೆಯ ಉಂಡೆಯೊಂದನ್ನು ಒಬ್ಬರಿಂದ ಒಬ್ಬರಿಗೆ ಎಸೆಯಿಸಿದರು. ಕೊನೆಗೆ ಅದು ಬಿಡಿಸಲಾಗದಷ್ಟು ಸಿಕ್ಕಾಯಿತು.

“ಗಂಟು ಹಾಕೋಕೆ ನಮ್ಮಲ್ಲೇ ಜನ ಇದಾರೆ ಸರ್,” ಎಂದ ರೇಡಿಯೊ. “ಬಿಚ್ಚೋರು ಯಾರಾದ್ರೂ ಇದ್ರೆ ಕಳಿಸಿ.”

ಬಿಚ್ಚುವ ದಾರಿಯನ್ನು ಹೇಳಿದ್ದು ಅಕ್ಕನೇ. ಯಂತ್ರದ ಬೀಗದ ಕೈಗಳನ್ನು ಒಪ್ಪಿಸುವ ದಿನ ನನಗೆ ಒಂದು ಹಾಳೆ ಕೊಟ್ಟರು. ದುಂಡಗಿನ ಅಕ್ಷರ. ನೆಲಮಾಳಿಗೆಯಲ್ಲಿ ಇನ್ನು ಮುಂದೆ ‘ಆಯ್ತು’ ಎನ್ನಬಾರದು. ಹೇಳಿದ್ದು ತಿಳಿದರೆ ‘ಕೇಳಿಸ್ತು’ ಎನ್ನಬೇಕು. ಬೇಯಿಸಿ ಮುಗಿದಿದ್ದರೆ ‘ಬೆಂದಿದೆ’ ಎಂದು ಗಂಟೆ ಸಮೇತ ಹೇಳಬೇಕು. ದೊಡ್ಡ ಪೆಟ್ಟಿಗೆಗೆ ಕಿಟಕಿಯ ಪಕ್ಕ ಬೇರೆ ಹಲಗೆ ಹೊಡೆಸಬೇಕು. ಎರಡನೇ ಸಲ ಕೇಳಿದವರಿಗೆ ಯಾರೂ ಎದುರುತ್ತರ ಕೊಡಕೂಡದು, ಯಂತ್ರದವರಂತೂ ಕೊಡಲೇಕೂಡದು. ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ಗಂಟಿನಮ್ಮನನ್ನು ಕಂಡು ಹೋಗಿ ಎಂದೆ. “ಏನಂತ ಹೇಳ್ಲಿ ಲ್ಯಾಬಪ್ಪಾ? ಕತ್ತರಿ ಸಿಕ್ಕ ದಿನ ಹೇಳ್ಬೇಕಿತ್ತು” ಎಂದು ಲಿಫ್ಟಿನ ಗುಂಡಿ ಒತ್ತಿದರು.

ಹನ್ನೊಂದು ವಾರದ ಬಳಿಕ ಬಟ್ಟೆ ಉಗ್ರಾಣಕ್ಕೆ ಹೋದೆ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಎರಡೂ ಕಡೆ ಬಿಳಿ ಹೊದಿಕೆಗಳ ಅಟ್ಟಿ. ಅಕ್ಕ ಒಂದು ಸ್ಟೂಲಿನ ಮೇಲೆ ಕೂತು ಮಡಿಸುತ್ತಿದ್ದರು. ನನ್ನನ್ನು ಕಂಡು ಎದ್ದರೇ ಹೊರತು ಮೊದಲಿನಂತೆ ಕೀಟಲೆ ಮಾಡಲಿಲ್ಲ. ನಾನು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಹನ್ನೊಂದು ವಾರದಲ್ಲಿ ನೆಲಮಾಳಿಗೆಯಲ್ಲಿ ಒಬ್ಬರನ್ನೊಬ್ಬರು ಎರಡನೇ ಸಲ ಕೇಳಿದ್ದು ನೂರಾ ಆರು ಬಾರಿ. ಅದರಲ್ಲಿ ನಾಲ್ಕು ಬಾರಿ ಹಸಿ ಗಂಟು ಲಿಫ್ಟ್ ಏರುವ ಮೊದಲೇ ಪತ್ತೆಯಾಗಿತ್ತು. ಥಿಯೇಟರಿನಿಂದ ಒಂದೂ ಪೆಟ್ಟಿಗೆ ವಾಪಸು ಬಂದಿರಲಿಲ್ಲ.

ಖುಷಿಯಾಗುತ್ತಾರೆಂದು ತಿಳಿದಿದ್ದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

“ಯಾರು ಜಾಸ್ತಿ ಕೇಳೋದು?”

“ಗಂಟಿನಮ್ಮ. ಅರ್ಧಕ್ಕಿಂತ ಜಾಸ್ತಿ ಅವಳೇ.”

“ಯಂತ್ರಕ್ಕೆ ಬಂದಿರೋ ಹೊಸಬರು ರೇಗಲ್ವಾ?”

“ಇಲ್ಲ. ಅವರಿಗೂ ಯಂತ್ರ ಹೊಸದು. ಅವರೇ ಅವಳನ್ನ ಕೇಳ್ತಾರೆ.”

“ಅವರಿಗೆ ಬಾಗಿಲಿನ ಸದ್ದು ತಿಳಿಯುತ್ತಾ?”

ತಿಳಿಯುವುದಿಲ್ಲವೆಂದೆ. ಅವರು ಮುಳ್ಳು ನೋಡಿ ಬರೆದುಕೊಳ್ಳುತ್ತಾರೆ ಎಂದೆ. ಅಕ್ಕ ತಲೆಯಾಡಿಸಿದರು. ಅಷ್ಟಕ್ಕೇ ಕೆಲಸ ನಡೆಯುತ್ತದೆ ಎಂಬುದು ಅವರಿಗೆ ಅರ್ಥವಾಯಿತು. ನನ್ನ ಅಂಕಿಗಳಲ್ಲಿ ಅಡಗಿದ್ದ ಇನ್ನೊಂದು ಮಾತೂ ಅರ್ಥವಾಯಿತು. ಅಲ್ಲಿ ಕೆಲಸ ಸುಧಾರಿಸಿದ್ದು ಆ ಹಾಳೆಯಿಂದಷ್ಟೇ ಅಲ್ಲ, ಅವರು ಅಲ್ಲಿಲ್ಲದ್ದರಿಂದ ಕೂಡ.

“ಒಳ್ಳೇದಾಯ್ತು ಬಿಡು,” ಎಂದು ಹಾಳೆ ನನಗೆ ಹಿಂತಿರುಗಿಸಿದರು. ಮೂಲೆಯಲ್ಲಿ ಒಗೆದು ಒಣಗಿಸಿದ ಹೊದಿಕೆಗಳ ಗಾಡಿ ಬಂದು ನಿಂತಿತ್ತು. ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದರು. ಕೆಳಗಿನ ವಿಷಯ ಮತ್ತೆ ಕೇಳಲಿಲ್ಲ. ಗಾಡಿ ಖಾಲಿಯಾಗುವವರೆಗೂ ಇಬ್ಬರೂ ಕೊಡವಿ ಮಡಿಸಿದೆವು.