ಅತ್ತೆ ಕೇಳಿದ ವಾಕ್ಯ

ಆ ದಿನಗಳ ಬಗ್ಗೆ ನಾನು ಹೇಳುವುದರಲ್ಲಿ ಕೆಲವು ತಪ್ಪಿರಬಹುದು. ನಾನು ಡೈರಿ ಬರೆಯಲು ಶುರು ಮಾಡಿದ್ದು ಅದರ ಮರುವರ್ಷ. ಹಾಗಾಗಿ ತೆಗೆದು ನೋಡಲು ಕಾಗದ ಯಾವುದೂ ಇಲ್ಲ. ನನಗಾಗ ಹನ್ನೊಂದಿರಬೇಕು, ಹನ್ನೆರಡೂ ಇರಬಹುದು. ಬಾಗಿಲ ಹತ್ತಿರ ಹಾಸಿದ್ದ ಚಾಪೆಯ ಅಂಚು ಹಸಿರು ಎಂದು ನನ್ನ ನೆನಪು. ಅಮ್ಮ ಕೊನೆಯವರೆಗೂ ಕೆಂಪು ಅಂತಲೇ ಹೇಳಿದಳು. ಭತ್ತದ ಸುಗ್ಗಿ ಆಗಷ್ಟೇ ಮುಗಿದಿತ್ತು ಎನ್ನುವುದು ಮಾತ್ರ ಖಚಿತ. ಆ ಭಾನುವಾರಗಳನ್ನು ನೆನೆದರೆ ಮೊದಲು ಮೂಗಿಗೆ ಬರುವುದು ಬೇಯಿಸಿದ ಭತ್ತದ ಹುಳಿ ಹುಳಿ ವಾಸನೆ.

ನಮ್ಮ ಕ್ರೈಸ್ತ ಸಭೆ ಸೇರುತ್ತಿದ್ದದ್ದು ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿಯೊಂದರ ಹಿಂದಿದ್ದ ತಗಡಿನ ಹಾಲ್‌ನಲ್ಲಿ. ಗಿರಣಿಯಿಂದ ಹೊಟ್ಟಿನ ಬೂದಿ ಹಾರಿಬಂದು ನಮ್ಮ ಬಿಳಿ ಲಂಗಗಳ ಮೇಲೆ ಕೂರುತ್ತಿತ್ತು. ದೊಡ್ಡವರು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಪಕ್ಕದವಳ ಲಂಗದ ಬೂದಿಯನ್ನು ಸದ್ದಾಗದಂತೆ ಊದುವುದು ಹುಡುಗಿಯರ ಆಟ. ಪಾದ್ರಿಗಳು ಬಳ್ಳಾರಿಯಿಂದ ಅಪರೂಪಕ್ಕೆ ಬರುತ್ತಿದ್ದರು. ಸಭೆ ನಡೆಸುತ್ತಿದ್ದವರು ಇಬ್ಬರು ಹಿರಿಯರು. ದೊಡ್ಡವರು ದಾನಿಯೇಲಪ್ಪ. ಇನ್ನೊಬ್ಬ ನನ್ನ ಅಪ್ಪ.

ಸಭೆಯ ಅರ್ಧ ಮಂದಿಗೆ ಓದು ಬರುತ್ತಿರಲಿಲ್ಲ. ಅದಕ್ಕೇ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಮುಂದೆ ನಿಂತವರು ಏನೇ ಬೋಧಿಸಲಿ, ಅದು ಸತ್ಯವೇದದ, ಅಂದರೆ ಬೈಬಲ್ಲಿನ, ಯಾವ ಅಧ್ಯಾಯ, ಯಾವ ವಚನ ಎಂದು ಹೇಳಬೇಕು. ಮಕ್ಕಳು ಹುಡುಕಬೇಕು. ಮೊದಲು ಸಿಕ್ಕವರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಬೇಕು. ದೇವರು ತಮಗೆ ಮಾಡಿದ್ದನ್ನು ಸಾಕ್ಷಿಯಾಗಿ ಹೇಳುವ ಹೊತ್ತಿನಲ್ಲಿ ಕೆಳಗೆ ಕೂತವರೂ ಎದ್ದು, ಒಂದು ಮಗುವಿನ ಹೆಸರು ಹಿಡಿದು ವಾಕ್ಯ ಓದಿಸಬಹುದಿತ್ತು. ಆಗ ಉಳಿದ ಮಕ್ಕಳು ಪುಸ್ತಕ ಮುಚ್ಚಬೇಕು. ವಾಕ್ಯ ಓದಿಸಿದವರು ಮಾತಾಡಬಹುದು, ಓದಿಸಲಾಗದವರು ಕೂರಬೇಕು. ಹಿರಿಯರಿಗೂ ಅದೇ ನಿಯಮ.

ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದನ್ನು ಹೆಚ್ಚು ಮಾಡಿ ಹೇಳುತ್ತಿಲ್ಲ ಅಂದುಕೊಂಡಿದ್ದೇನೆ. ಕಲಿಸಿದವಳು ಸುಗುಣತ್ತೆ, ಅಪ್ಪನ ಅಕ್ಕ. ಕುರುಗೋಡಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಆ ಆರಾಧನೆಗೆಂದು ಶನಿವಾರವೇ ಬಸ್ಸು ಹತ್ತಿ ಬರುತ್ತಿದ್ದಳು. ಬಸ್‌ಸ್ಟ್ಯಾಂಡಿನಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುವಳು. ಪೊಟ್ಟಣದ ಪೇಪರಿನ ತುಂಬ ಎಣ್ಣೆ. ಕೈ ತೊಳೆಯದೆ ಸತ್ಯವೇದ ಮುಟ್ಟುವಂತಿರಲಿಲ್ಲ.

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಯಾರ್ಯಾರಿಂದಲೋ ಓದಿಸಿ, ಕೇಳಿ, ಸಂಖ್ಯೆಗಳ ಸಮೇತ ನೆನಪಿಟ್ಟುಕೊಂಡಿದ್ದಳು. ನನ್ನ ಹೆಸರು ಹಿಡಿದು ಕರೆದು ಆ ಸಂಖ್ಯೆಗಳನ್ನು ಹೇಳುವಳು.

"ಎಸ್ತೇರಿ, ಅರಣ್ಯಕಾಂಡ, ಇಪ್ಪತ್ತೇಳು, ಒಂದು."

"ಸಿಕ್ತು!"

"ಏನೈತಿ?"

"ಐದು ಮಂದಿ ಅಕ್ಕತಂಗೇರ ಹೆಸರು ಅದಾವ."

"ಅವ್ರು ಏನ್ ಮಾಡಿದ್ರು?"

"ನೀ ಒಂದನೇ ವಚನ ಅಷ್ಟ ಹೇಳಿದ್ದಿ ಅತ್ತಿ."

"ಒಂದು ತುತ್ತು ತಿಂದು ಊಟ ಆತು ಅಂತಾರೇನಲೇ? ಮುಂದಿಂದು ಓದು."

ನಾನು ಓದಿದೆ. ಅವರು ಮೋಶೆಯ ಮುಂದೆ ಹೋಗಿ ನಿಂತು ಅಪ್ಪನ ಆಸ್ತಿಯಲ್ಲಿ ತಮ್ಮ ಪಾಲು ಕೇಳಿದ್ದರು.

ಸುಗ್ಗಿ ಮುಗಿದ ಮೇಲಿನ ಒಂದು ಭಾನುವಾರ ದಾನಿಯೇಲಪ್ಪ ಹೊಸದೊಂದು ಹೇಳಿದರು. "ಊರಾಗ ನಮ್ಮನ್ನ ನೋಡಿ ನಗ್ತಾರ. ಇವ್ರಿಗೆ ಮಡಿ ಮೈಲಿಗಿ ಒಂದೂ ಇಲ್ಲ ಅಂತಾರ. ನಮ್ಮ ವೇದದಾಗ ಇಲ್ಲೇನು? ಐತಿ. ಯಾಜಕಕಾಂಡ ಹದಿನೈದು, ಹತ್ತೊಂಬತ್ತು."

ಸಿಕ್ಕಿದ್ದು ನನಗೇ. ಎದ್ದು ನಿಂತು ಜೋರಾಗಿ ಓದಿದೆ. ಹೆಂಗಸರ ತಿಂಗಳ ದಿನಗಳ ಕುರಿತ ವಾಕ್ಯ ಅದು. ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಮುಂದಿನ ವಾರದಿಂದ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಚಾಪೆ ಬಿತ್ತು. ಹೊರಗಾದ ಹೆಂಗಸರು ಅಲ್ಲಿ ಕೂರಬೇಕು, ರೊಟ್ಟಿ, ಬಟ್ಟಲು ಮುಟ್ಟಬಾರದು. ಹಿರಿಯರಿಬ್ಬರೂ ಒಪ್ಪಿ ಮಾಡಿದ ತೀರ್ಮಾನ.

ಮೊದಲ ವಾರವೇ ಅಲ್ಲಿ ಕೂತವಳು ಸುವಾರ್ತಾ. ನನಗಿಂತ ಎರಡು ವರ್ಷ ದೊಡ್ಡವಳು, ಹಾಡಿಗೆ ಶ್ರುತಿ ಹಿಡಿಯುತ್ತಿದ್ದವಳು. ಹುಡುಗರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಅವಳು ತಲೆ ಎತ್ತಲಿಲ್ಲ, ಹಾಡಲೂ ಇಲ್ಲ. ಆಮೇಲೆ ಅವಳು ಸಭೆಗೇ ಬರಲಿಲ್ಲ.

ಶನಿವಾರ ಬಂದ ಅತ್ತೆಗೆ ಇದನ್ನು ಹೇಳಿದವಳು ಅಮ್ಮ, ಒಲೆಯ ಮುಂದೆ, ಮೆಲ್ಲಗೆ. ಅಪ್ಪ ಒಳಗೆ ಕಾಲಿಟ್ಟನೋ ಇಲ್ಲವೋ, ಅತ್ತೆ ಶುರು ಮಾಡಿದಳು.

"ಏನೋ ತಮ್ಮಾ, ಚಪ್ಪಲಿ ಸಂಗಾಟ ಹೆಣ್ಮಕ್ಳನ್ನೂ ಹೊರಗ ಬಿಡಾಕ ಹತ್ತೀರಂತ?"

"ಅಕ್ಕಾ, ವಾಕ್ಯ ಐತಿ. ಎಸ್ತೇರಿನ ಓದ್ಯಾಳ."

"ಹನ್ನೆರಡು ವರ್ಷ ರಕ್ತ ಹೋಗ್ತಿದ್ದಾಕಿ ಬಂದು ಕರ್ತನ ಬಟ್ಟಿ ಮುಟ್ಟಿದ್ಲಲ್ಲ, ಅದೂ ವಾಕ್ಯನ. ಆತ ಆಕಿಗೆ ಚಾಪಿ ತೋರಿಸಿದ್ನೇನು? ಮಗಳೇ ಅಂತ ಕರದ."

"ದಾನಿಯೇಲಪ್ಪ ಹಿರೇರು. ಅವ್ರ ಮಾತು ಮೀರಾಕ ಆಗಂಗಿಲ್ಲ."

"ಬೆರೋಯದ ಮಂದಿ ಅಪೊಸ್ತಲ ಪೌಲ ಹೇಳಿದ್ದನ್ನೂ ಹಂಗ ನಂಬಲಿಲ್ಲ. ವೇದ ತಗದು ನೋಡಿದ ಮ್ಯಾಲೇ ಹೌದು ಅಂದ್ರು. ನಿಮ್ಮ ದಾನಿಯೇಲಪ್ಪ ಪೌಲಗಿಂತ ದೊಡ್ಡಾತನೇನು?"

ಅಮ್ಮನಿಗೆ ನಗು ತಡೆಯದೆ ಸೆರಗು ಬಾಯಿಗೆ ಹೋಯಿತು. ಅಪ್ಪ ನಗಲಿಲ್ಲ. ಅತ್ತೆಯ ದನಿ ಇಳಿಯಿತು.

"ಕುರುಗೋಡಾಗ ನಾ ದಿನಾ ಅದ ರಕ್ತ ತೊಳಿತೀನಿ. ನೀನೂ, ದಾನಿಯೇಲಪ್ಪನೂ ಅದ್ರಾಗಿಂದನ ಬಂದೋರು. ನಮ್ಮ ಮುತ್ಯಾನ್ನ ಎಲ್ಲಾರೂ ಹೊರಗ ನಿಂದ್ರಿಸಿದ್ರು ಅಂತ ಆತ ಈ ಬಾಗಿಲಿಗೆ ಬಂದ. ಇಲ್ಲಿ ಬಂದು ನೀವ ಒಂದು 'ಹೊರಗ' ಹುಟ್ಟಿಸಿದ್ರಲ್ಲೋ. ಇನ್ನೊಂದೆರಡು ವರ್ಷಕ್ಕ ಈ ಹುಡುಗಿನೂ ಅಲ್ಲೇ ಕುಂದ್ರಬೇಕು."

"ನಾಳಿ ಎದ್ದು ನಿಂದ್ರಬ್ಯಾಡಕ್ಕ."

"ನಿಂದ್ರತೀನಿ. ಎಸ್ತೇರಿ ಓದ್ತಾಳ."

ಭಾನುವಾರ ಮುಂದಿನ ಮೇಜಿನ ಮೇಲೆ ರೊಟ್ಟಿಯ ತಟ್ಟೆ, ಬಟ್ಟಲುಗಳ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಚಾಪೆಯ ಮೇಲೆ ಅವತ್ತು ಯಾರೂ ಇರಲಿಲ್ಲ. ಸಾಕ್ಷಿಯ ಹೊತ್ತಿಗೆ ಅತ್ತೆ ಎದ್ದಳು. ಸಭೆಯ ಮುಂದೆ ಮಾತಾಡುವಾಗ ಅವಳು ಎರಡೂ ಕೈಯಲ್ಲಿ ಸೆರಗಿನ ತುದಿ ಹಿಡಿದಿರುತ್ತಿದ್ದಳು.

"ಹಿರೇರು ಒಂದು ವಾಕ್ಯ ಓದಿಸ್ಯಾರ. ನಾನೂ ಒಂದು ಓದಸ್ತೀನಿ. ಎಸ್ತೇರಿ, ಮಾರ್ಕ, ಐದು, ಇಪ್ಪತ್ತೈದು. ನಾ ಸಾಕು ಅನ್ನೋಮಟ ಓದು."

ಉಳಿದ ಮಕ್ಕಳು ಪುಸ್ತಕ ಮುಚ್ಚಿದರು. ಅತ್ತೆ ಮಾತು ಮುಗಿಸುವ ಮೊದಲೇ ಪುಟ ನನ್ನ ಮುಂದಿತ್ತು. ಎಡಗಡೆಯ ಪುಟ, ಮೇಲಿನಿಂದ ಸ್ವಲ್ಪ ಕೆಳಗೆ. ಬೆರಳು ವಚನದ ಮೇಲಿತ್ತು. ಎದ್ದು ನಿಂತೆ. ಓದುವ ಮೊದಲು ಅಪ್ಪನ ಕಡೆ ನೋಡಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಇಷ್ಟೇ ಇಷ್ಟು ತಲೆ ಅಲ್ಲಾಡಿಸಿದ.

"ಸಿಗವಲ್ದು ಅತ್ತಿ," ಅಂದೆ.

"ನಿಧಾನ ಹುಡುಕವ್ವ. ಮತ್ತಾಯ ಮುಗಿದ ಮ್ಯಾಲೆ ಬರ್ತೈತಿ ನೋಡು."

"ಸಿಗವಲ್ದು."

ಹಿಂದಿನಿಂದ ಒಬ್ಬ ಹುಡುಗ, "ಎಸ್ತೇರಿಗೇ ಸಿಗವಲ್ದಂತಲೇ!" ಎಂದು ಕಿಸಕ್ಕನೆ ನಕ್ಕ. ದಾನಿಯೇಲಪ್ಪ ಕೈ ಎತ್ತಿದರು. "ವಾಕ್ಯ ಇಲ್ಲದ ಮಾತು ಸಭಾದಾಗ ಬ್ಯಾಡ್ರಿ ಸುಗುಣಮ್ಮ. ಕುಂದ್ರಿ."

ಹಿರಿಯರಿಬ್ಬರ ತೊಡೆಯ ಮೇಲೂ ಸತ್ಯವೇದ ಇತ್ತು. ಇಬ್ಬರಿಗೂ ಆ ಹೆಂಗಸಿನ ಕಥೆ ಗೊತ್ತಿತ್ತು; ನನಗದನ್ನು ಮೊದಲು ಹೇಳಿದವನೇ ಅಪ್ಪ. ಯಾರೂ ಪುಸ್ತಕ ತೆರೆಯಲಿಲ್ಲ. ನಾನು ನನ್ನದನ್ನು ಮುಚ್ಚಿದೆ.

ಅತ್ತೆ ತನ್ನ ಜಾಗದಲ್ಲಿ ಕೂರಲಿಲ್ಲ. ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಾಗಿಲ ತನಕ ನಡೆದು, ಆ ಖಾಲಿ ಚಾಪೆಯ ಮೇಲೆ ಕೂತಳು. ಐವತ್ತು ದಾಟಿದವಳು, ಅವಳಿಗೆ ಅದೆಲ್ಲ ನಿಂತು ವರ್ಷಗಳಾಗಿದ್ದವು, ಅಲ್ಲಿದ್ದ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ರೊಟ್ಟಿಯ ತಟ್ಟೆ ಹಿಡಿದು ಸಾಲು ಸಾಲಾಗಿ ಬಂದವನು ಅಪ್ಪ. ಕೊನೆಯ ಸಾಲಿನ ತನಕ ಬಂದ. ಚಾಪೆಗೂ ಅವನಿಗೂ ನಾಲ್ಕು ಹೆಜ್ಜೆ. ಅಲ್ಲಿಂದ ತಿರುಗಿ ಹೋದ.

ಬಸ್‌ಸ್ಟ್ಯಾಂಡಿಗೆ ಅತ್ತೆಯನ್ನು ಬಿಡಲು ಹೋದವಳು ನಾನು. ಬಸ್ಸು ಬಂತು. ಹತ್ತುವಾಗ ನನ್ನ ಗದ್ದ ಹಿಡಿದೆತ್ತಿ ಕೇಳಿದಳು.

"ಕಣ್ಣು ಚಲೋ ಅದಾವಿಲ್ಲೋ ನಿನ್ನವು?"

"ಅದಾವ ಅತ್ತಿ."

"ಚಲೋ ನೋಡ್ಕೋ ಮತ್ತ."

ಅಷ್ಟೇ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೇನೋ. ಮುಂದಿನ ತಿಂಗಳೂ ಬಂದಳು, ಅದರ ಮುಂದಿನ ತಿಂಗಳೂ. ಮಂಡಕ್ಕಿ, ಮಿರ್ಚಿ ತಂದಳು. ಆದರೆ ನಾನು ಕೈ ತೊಳೆದು ಬಂದು ಕೂತರೆ ಊರ ಸುದ್ದಿ ಹೇಳುತ್ತಿದ್ದಳು, ಸಂಖ್ಯೆ ಹೇಳುತ್ತಿರಲಿಲ್ಲ. ನನ್ನಿಂದ ಮತ್ತೆ ಯಾವತ್ತೂ ಒಂದು ವಚನ ಓದಿಸಲಿಲ್ಲ. ಭಾನುವಾರ ನೇರ ಹೋಗಿ ಚಾಪೆಯ ಮೇಲೆ ಕೂರುವಳು. ತಟ್ಟೆ ಅವಳ ತನಕ ಹೋಗಲಿಲ್ಲ. ಎರಡು ವರ್ಷಗಳ ನಂತರ ನಾನೂ ಅಲ್ಲಿ ಕೂತೆ, ಅವಳ ಪಕ್ಕದಲ್ಲಿ. ಅವಳು ಸರಿದು ಜಾಗ ಕೊಟ್ಟಳು.

ನಾನು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅತ್ತೆ ಕುರುಗೋಡಿನಲ್ಲಿ ತೀರಿಕೊಂಡಳು. ಆ ದಿನದಿಂದ ಸಾಯುವ ತನಕ ಕರ್ತನ ಭೋಜನ ತೆಗೆದುಕೊಂಡಿರಲಿಲ್ಲ. ಚಾಪೆ ಈಗಿಲ್ಲ. ಅದು ತಪ್ಪು ಎಂದು ಯಾರೂ ಎದ್ದು ನಿಂತು ಹೇಳಿದ್ದು ನಾನು ಕೇಳಿಲ್ಲ. ಹೊಸ ಕಟ್ಟಡದ ಟೈಲ್ಸಿಗೆ ಹಳೆಯ ಚಾಪೆ ಒಪ್ಪಲಿಲ್ಲ, ತೆಗೆದರು. ಅದರ ಜೊತೆ ಇನ್ನೊಂದೂ ಹೋಯಿತು. ಈಗ ಬೋಧಕರು ಹೇಳಿದ ವಚನ ಗೋಡೆಯ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೂಡುತ್ತದೆ. ಮಕ್ಕಳು ತಲೆ ಎತ್ತಿ ನೋಡುತ್ತಾರೆ, ಚಂದ ಓದುತ್ತಾರೆ. ಪರದೆಯ ಮೇಲೆ ಒಂದೇ ವಚನ. ಅದರ ಹಿಂದಿನದು, ಮುಂದಿನದು ಇರುವುದಿಲ್ಲ. ಕೆಳಗಿನಿಂದ ಯಾರೂ ಎದ್ದು ಇನ್ನೊಂದನ್ನು ಕೇಳುವುದೂ ಇಲ್ಲ.

ಅಪ್ಪ ಈಗ ಬಳ್ಳಾರಿಯಲ್ಲಿ ನನ್ನ ಜೊತೆಗಿದ್ದಾನೆ. ಹಿರಿತನ ಬಿಟ್ಟು ಬಹಳ ವರ್ಷವಾಯಿತು. ನನಗೆ ನನ್ನ ನೆನಪಿನ ಮೇಲೆ ಅನುಮಾನ ಹೆಚ್ಚುತ್ತಿದೆ. ಅಪ್ಪ ಅವತ್ತು ಮುಖದ ಮೇಲಿನ ನೊಣ ಓಡಿಸಿರಬಹುದು. ಸುಮ್ಮನೆ ಅತ್ತ ತಿರುಗಿರಬಹುದು. ದಾನಿಯೇಲಪ್ಪನವರ ಹೆದರಿಕೆಗೆ ಸುಳ್ಳು ಹೇಳಿದ ಹುಡುಗಿ, ಭಾರ ತಡೆಯಲಾರದೆ, ಆಮೇಲೆ ನೆನಪಿನಲ್ಲಿ ಅಪ್ಪನ ತಲೆಯನ್ನು ತಾನೇ ಅಲ್ಲಾಡಿಸಿಕೊಂಡಿರಬಹುದು. ಹಾಗಿದ್ದರೆ ಅತ್ತೆಯನ್ನು ಆ ಚಾಪೆಗೆ ಕಳಿಸಿದವಳು ನಾನೊಬ್ಬಳೇ.

ಕಳೆದ ತಿಂಗಳು ಕೇಳಿಯೇ ಬಿಟ್ಟೆ. ಅಪ್ಪ ಬೆಳಗಿನ ಚಹಾ ಕುಡಿಯುತ್ತಿದ್ದ. ಕಿವಿ ಇನ್ನೂ ಚೆನ್ನಾಗಿ ಕೇಳುತ್ತದೆ ಅವನಿಗೆ. ಲೋಟ ಕೆಳಗಿಟ್ಟು ನನ್ನನ್ನು ನೋಡಿದ. ಆಮೇಲೆ ಎದ್ದು ಒಳಗೆ ಹೋದ. ಇವತ್ತಿನ ತನಕ ಆ ಮಾತಿಗೆ ಮರಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಪ್ಪಾ, ಅತ್ತಿ ವಾಕ್ಯ ಕೇಳಿದಾಗ, ಬ್ಯಾಡ ಅಂತ ನೀ ತಲಿ ಅಲ್ಲಾಡಿಸಿದ್ದಿ, ಹೌದಿಲ್ಲೋ?"