ಅಜ್ಜಿಗೆ ಸಿಗದ ಹೋಲಿಕೆ

ನಿನ್ನೆ ಸಂಜೆ ಮಂಡ್ಯದ ನಮ್ಮ ಮನೆಯಲ್ಲಿ ಮಗಳು ಕನ್ನಡ ಪರೀಕ್ಷೆಗೆಂದು ಅಲಂಕಾರಗಳನ್ನು ಉರು ಹೊಡೆಯುತ್ತಿದ್ದಳು. ಅನನ್ವಯಕ್ಕೆ ಬಂದು ನಿಂತಳು. "ಒಂದನ್ನ ಅದಕ್ಕೇ ಹೋಲಿಸೋದಂತೆ. ಯಾಕಪ್ಪ ಹಂಗೆ ಹೋಲಿಸ್ಬೇಕು?"

ನನಗೆ ಕೊಪ್ಪದ ಅಜ್ಜಿ ನೆನಪಾದಳು. ಊರಲ್ಲಿ ಯಾರು ಸತ್ತರೂ ಅವಳಿಗೆ ಹೇಳಿಕಳಿಸುತ್ತಿದ್ದರು. ಹೆಣದ ಮುಂದೆ ಕೂತು, ಸತ್ತವರನ್ನು ಹೋಲಿಸಿ ಹೋಲಿಸಿ ಹಾಡಿಕೊಂಡು ಅಳುತ್ತಿದ್ದಳು. ಆ ಹೋಲಿಕೆ ಸತ್ತವರ ಮನೆಯಲ್ಲಿರುವ ವಸ್ತುವಿನಿಂದಲೇ ಬರಬೇಕೆಂಬುದು ಅವಳ ಕಟ್ಟುನಿಟ್ಟು. ಹಾಲು ಹಾಕುತ್ತಿದ್ದ ಹೆಂಗಸು ತೀರಿಕೊಂಡಾಗ, "ನೊರೆಹಾಲಿನಂಗೆ ನಗ್ತಿದ್ಯಲ್ಲೇ ನನ್ನವ್ವ" ಎಂದಳು. ಅಲ್ಲಿಯವರೆಗೆ ಬಿಮ್ಮನೆ ಕೂತಿದ್ದ ಗಂಡ ಬಿಕ್ಕಿದ. ಅಜ್ಜಿ ಮನೆಗೆ ಬಂದವಳೇ ಹಿತ್ತಲಲ್ಲಿ ತಲೆಗೆ ನೀರು ಸುರಿದುಕೊಂಡು, ರಾಗಿಹಿಟ್ಟಿಗೆ ಎಸರಿಟ್ಟಳು.

ಮುಂದೊಂದು ದಿನ ಅವಳ ಕಿರಿಮಗ, ನನ್ನ ಚಿಕ್ಕಪ್ಪ, ನಾಲೆಯಲ್ಲಿ ಮುಳುಗಿ ಸತ್ತ. ನಮ್ಮಂಗಳದಲ್ಲೇ ಮಲಗಿಸಿದರು. ನೆರೆದ ಹೆಂಗಸರೆಲ್ಲ ಅಜ್ಜಿಯ ಬಾಯನ್ನೇ ನೋಡುತ್ತಿದ್ದರು. ಅವಳು ಅವನು ನೆಟ್ಟಿದ್ದ ತೆಂಗನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ಅವನ ಸೈಕಲ್ಲನ್ನೂ ನೋಡಿದಳು. ಬಾಯಿ ತೆರೆದು ಸುಮ್ಮನಾದಳು.

"ಅತ್ಬುಡು ನಿಂಗಕ್ಕ," ಎಂದಳು ಪಕ್ಕದ ಮನೆಯವಳು.

"ನನ್ ಮಗನಂಗೆ ನನ್ ಮಗ ಒಬ್ನೇ ಕಣಮ್ಮ," ಎಂದು ಅಜ್ಜಿ ಅವನ ಕಾಲ ಬಳಿ ಕುಸಿದಳು. ಅದಕ್ಕೆ ರಾಗವಿರಲಿಲ್ಲ. ಆಮೇಲೆ ಯಾರ ಮನೆಯ ಸಾವಿಗೂ ಅವಳು ಹಾಡಲಿಲ್ಲ.

ಇದನ್ನೇ ಮಗಳಿಗೆ ಹೇಳಿದೆ. ಅವಳು ಪೆನ್ನು ತೆಗೆದಳು.

"ಉದಾಹರಣೆಗೆ ಇದನ್ನೇ ಬರೀತೀನಿ. ಕವಿ ಹೆಸರು ಏನು ಹಾಕ್ಲಿ?"

"ಕೊಪ್ಪದ ನಿಂಗಮ್ಮ ಅಂತ ಬರಿ," ಎಂದೆ.